ನಾಸ್‌ಗೆ ಬ್ಯಾಕಪ್ ನಿಧಾನವೇ? ಮೊದಲು ವೇಗದ ಅಂಕಿ ಓದಿ

ರಾಯಚೂರಿನ ಗಂಜ್‌ನ ದಲ್ಲಾಳಿ ಅಂಗಡಿಗಳಲ್ಲಿ, ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಕಚೇರಿಗಳಲ್ಲಿ, ಸಿಂಧನೂರು ಮತ್ತು ಮಾನ್ವಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಈಗ ಒಂದು ಪುಟ್ಟ ನಾಸ್ ಪೆಟ್ಟಿಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಜಾಲದ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ, ಕಾಣಸಿಗುತ್ತದೆ. ಒಳಗೆ ಎರಡು ಡಿಸ್ಕ್, ಹಿಂದೆ ಒಂದು ಲ್ಯಾನ್ ಕೇಬಲ್. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಲ್ಲ ಕಂಪ್ಯೂಟರ್‌ಗಳ ಲೆಕ್ಕಪತ್ರವೂ ಅದರೊಳಗೆ ಸೇರಬೇಕು. ಕೆಲವು ತಿಂಗಳು ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಬ್ಯಾಕಪ್ ಇನ್ನೂ ಓಡುತ್ತಲೇ ಇರುತ್ತದೆ. ಟ್ಯಾಲಿ ತೆರೆಯುವುದು ತಡವಾಗುತ್ತದೆ, ಹರಾಜಿನ ಹೊತ್ತು ಹತ್ತಿರವಾಗುತ್ತದೆ, ಗುಮಾಸ್ತರು ಬ್ಯಾಕಪ್ ನಿಲ್ಲಿಸಿಬಿಡುತ್ತಾರೆ. ಮರುದಿನವೂ ಅದೇ ಕಥೆ. ಹೀಗೆ ನಿಧಾನವಾದ ಬ್ಯಾಕಪ್ ಸ್ವಲ್ಪ ದಿನಗಳಲ್ಲೇ ನಿಂತುಹೋದ ಬ್ಯಾಕಪ್ ಆಗುತ್ತದೆ. ಅದು ನಿಂತಿದೆ ಎಂಬುದು ಡಿಸ್ಕ್ ಕೆಟ್ಟ ದಿನವೇ ಗೊತ್ತಾಗುತ್ತದೆ.

ಇಂಥ ಹೊತ್ತಿನಲ್ಲಿ ಮಾಲೀಕರು ಕೇಳುವ ಮೊದಲ ಪ್ರಶ್ನೆ, "ಸರ್, ಹೊಸ ಪೆಟ್ಟಿಗೆ ತರಿಸಬೇಕೇ?" ಎಂಬುದು. ಅಳತೆ ಮಾಡುವ ತನಕ ಏನನ್ನೂ ಕೊಳ್ಳಬೇಡಿ. ನಿಧಾನ ಎನ್ನುವುದು ಒಂದೇ ದೋಷವಲ್ಲ. ಕಂಪ್ಯೂಟರ್, ಕೇಬಲ್ ಮತ್ತು ಸ್ವಿಚ್ಚಿನ (ಲ್ಯಾನ್ ಕೇಬಲ್ಲುಗಳನ್ನು ಒಂದೆಡೆ ಕೂಡಿಸುವ ಡಬ್ಬಿ) ದಾರಿ, ನಾಸ್‌ನ ಡಿಸ್ಕ್ ಈ ಮೂರರಲ್ಲಿ ಯಾವುದು ಹಿಂದೆ ಬಿದ್ದರೂ ಇಡೀ ಕೆಲಸ ಅದರ ವೇಗಕ್ಕೇ ಇಳಿಯುತ್ತದೆ. ಯಾವುದು ಹಿಂದೆ ಬಿದ್ದಿದೆ ಎಂಬುದನ್ನು ಬಹುತೇಕ ಸಲ ವೇಗದ ಅಂಕಿಯೇ ಹೇಳುತ್ತದೆ.

ಅಂಕಿ ತೆಗೆಯುವ ಬಗೆ

ಬ್ಯಾಕಪ್ ತಂತ್ರಾಂಶವನ್ನು ಪಕ್ಕಕ್ಕಿಡಿ. ನಾಲ್ಕೈದು ಜಿಬಿ ಇರುವ ಒಂದೇ ದೊಡ್ಡ ಫೈಲ್ ತೆಗೆದುಕೊಳ್ಳಿ. ಮದುವೆಯ ವಿಡಿಯೊ ಆದರೂ ಸರಿ. ಅದನ್ನು ನಾಸ್‌ನ ಫೋಲ್ಡರ್‌ಗೆ ಕಾಪಿ ಮಾಡಿ, ವಿಂಡೋಸ್ ತೋರಿಸುವ ಕಿಟಕಿಯಲ್ಲಿ "ಹೆಚ್ಚಿನ ವಿವರ" ಒತ್ತಿ ವೇಗದ ಗೆರೆಯನ್ನು ನೋಡಿ. ಮೊದಲ ಕೆಲವು ಕ್ಷಣಗಳ ಅಂಕಿಯನ್ನು ನಂಬಬೇಡಿ. ಆಗ ದತ್ತಾಂಶ ಹೋಗುತ್ತಿರುವುದು ಎರಡೂ ಕಡೆಯ ಮೆಮೊರಿಗೆ, ಡಿಸ್ಕಿಗಲ್ಲ. ಒಂದೆರಡು ಜಿಬಿ ದಾಟಿದ ಮೇಲೆ ಗೆರೆ ಎಲ್ಲಿ ನೆಲೆ ನಿಲ್ಲುತ್ತದೋ ಅದು ನಿಮ್ಮ ಅಂಕಿ. ನಂತರ ಅದೇ ಫೈಲನ್ನು ನಾಸ್‌ನಿಂದ ಕಂಪ್ಯೂಟರ್‌ಗೆ ಹಿಂದಕ್ಕೆ ತಂದು ಅದರ ಅಂಕಿಯನ್ನೂ ಬರೆದುಕೊಳ್ಳಿ.

ಇಲ್ಲಿ ಒಂದು ಗೊಂದಲ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಕಾಪಿ ಕಿಟಕಿ ತೋರಿಸುವುದು ಮೆಗಾಬೈಟ್. ಕೇಬಲ್, ಸ್ವಿಚ್, ರೂಟರ್ ಡಬ್ಬಿಗಳ ಮೇಲೆ ಬರೆದಿರುವುದು ಮೆಗಾಬಿಟ್. ಟಾಸ್ಕ್ ಮ್ಯಾನೇಜರ್‌ನ ನೆಟ್‌ವರ್ಕ್ ಪುಟವೂ ಬಿಟ್ ಲೆಕ್ಕದಲ್ಲೇ ತೋರಿಸುತ್ತದೆ. 8 ಬಿಟ್‌ಗೆ 1 ಬೈಟ್. ಆದ್ದರಿಂದ 1000 ಮೆಗಾಬಿಟ್‌ನ ಗಿಗಾಬಿಟ್ ಜಾಲ ಎಂದರೆ ಲೆಕ್ಕಕ್ಕೆ 125 ಮೆಗಾಬೈಟ್. ಜಾಲದ ಸ್ವಂತ ಖರ್ಚು ಕಳೆದು ಕೈಗೆ ಸಿಗುವುದು ಸೆಕೆಂಡಿಗೆ 110ರ ಆಸುಪಾಸು.

ನಿಮಗೆ 110 ಬರುತ್ತಿದ್ದರೆ ಕೇಬಲ್, ಸ್ವಿಚ್, ಡಿಸ್ಕ್ ಮೂರೂ ಸಾಮಾನ್ಯವಾಗಿ ಸರಿ ಇವೆ. ದೋಷ ಬ್ಯಾಕಪ್ ತಂತ್ರಾಂಶದಲ್ಲಿ ಅಥವಾ ಫೈಲುಗಳ ಸ್ವಭಾವದಲ್ಲಿದೆ. 11ರಲ್ಲಿ ಗೆರೆ ಎಳೆದಂತೆ ನಿಂತಿದ್ದರೆ ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್‌ನ ತುಂಡು ಇದೆ. 30ರಿಂದ 40 ಇದ್ದರೆ, ರೂಟರ್‌ನ ಬೆನ್ನಿಗೆ ಯುಎಸ್‌ಬಿ 2.0 ಮೂಲಕ ಡಿಸ್ಕ್ ಸಿಕ್ಕಿಸಿ ಅದನ್ನೇ ನಾಸ್ ಎಂದು ಬಳಸುತ್ತಿದ್ದೀರಾ ನೋಡಿ. 3ರಿಂದ 6ರ ನಡುವೆ ಏರಿಳಿಯುತ್ತಿದ್ದರೆ ಕಂಪ್ಯೂಟರ್ 2.4 ಗಿಗಾಹರ್ಟ್ಸ್ ವೈಫೈನಲ್ಲಿರುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದ್ದರೂ ಅದು ವೈಫೈಯನ್ನೇ ಹಿಡಿದಿರಬಹುದು, ವೈಫೈ ಆಫ್ ಮಾಡಿ ಮತ್ತೆ ನೋಡಿ. ಉದ್ದನೆಯ ಬ್ಯಾಕಪ್‌ನಲ್ಲಿ ವೇಗ ಚೆನ್ನಾಗಿ ಶುರುವಾಗಿ ಹತ್ತಾರು ಜಿಬಿ ಆದ ಮೇಲೆ ಕುಸಿದರೆ ಡಿಸ್ಕಿನ ಜಾತಿ ನೋಡಬೇಕು. ನಡುನಡುವೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿದ್ದರೆ ಡಿಸ್ಕಿನ ಆರೋಗ್ಯ ನೋಡಬೇಕು, ಅದೂ ಇವತ್ತೇ.

11 ಎಂದರೆ ಕೇಬಲ್

ನಮ್ಮ ಭಾಗದಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದು. ಅದರ ಪರಿಣಾಮ ಸಣ್ಣದಲ್ಲ. 500 ಜಿಬಿ ಬ್ಯಾಕಪ್ 110ರ ವೇಗದಲ್ಲಿ ಒಂದೂಕಾಲು ಗಂಟೆಯ ಕೆಲಸ. 11ರ ವೇಗದಲ್ಲಿ ಹನ್ನೆರಡು ಗಂಟೆ ದಾಟುತ್ತದೆ. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಬೆಳಿಗ್ಗೆ ಒಂಬತ್ತಕ್ಕೂ ಮುಗಿಯದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್ನುಗಳು, ಅಂದರೆ ವಾಡಿಕೆಯ ಜೋಡಣೆಯಲ್ಲಿ ಕಿತ್ತಳೆ ಮತ್ತು ಹಸಿರು. ನೀಲಿಯದೋ ಕಂದು ಬಣ್ಣದ್ದೋ ಒಂದೇ ಒಂದು ಎಳೆ ಕಡಿದರೂ ಎರಡೂ ತುದಿಯ ಯಂತ್ರಗಳು ತಮ್ಮೊಳಗೆ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಸಂಪರ್ಕ ಹೋಗುವುದಿಲ್ಲ, ದೀಪ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ ಕೂಡ ಬರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದರೆ "ಲಿಂಕ್ ಸ್ಪೀಡ್" ಎಂಬ ಸಾಲು ಇರುತ್ತದೆ. 1000/1000 ಇರಬೇಕು. 100/100 ಇದ್ದರೆ ಕಂಪ್ಯೂಟರ್ ಕಡೆಯ ತುಂಡು ಕೆಟ್ಟಿದೆ. ಅಲ್ಲಿ 1000 ಇದ್ದೂ ಕಾಪಿ 11ರಲ್ಲೇ ನಿಂತರೆ ನಾಸ್‌ನ ನಿಯಂತ್ರಣ ಪುಟದಲ್ಲಿ ನೆಟ್‌ವರ್ಕ್ ಸ್ಥಿತಿ ನೋಡಿ. ಸ್ವಿಚ್ಚಿನಿಂದ ನಾಸ್‌ವರೆಗಿನ ತುಂಡು ಸಿಕ್ಕಿಬೀಳುತ್ತದೆ. ಎರಡು ಸ್ವಿಚ್ ಇದ್ದರೆ ಅವುಗಳ ನಡುವಿನ ಕೇಬಲ್ಲನ್ನು ಮರೆಯಬೇಡಿ.

ಸಿಂಧನೂರಿನ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ ಕಚೇರಿಯಿಂದ ಲಾರಿ ತೂಗುವ ವೇಬ್ರಿಡ್ಜ್ ಕೋಣೆಗೆ ಹೋಗುವ ಕೇಬಲ್ಲನ್ನು ಪೈಪಿನಿಂದ ಎಳೆದು ನೋಡಿದೆವು. ಹೊರಗಿನ ಬೂದು ಹೊದಿಕೆ ಒಂದು ಗೇಣಿನಷ್ಟು ಉದ್ದ ಸಿಪ್ಪೆ ಸುಲಿದ ಹಾಗೆ ಇತ್ತು. ಇಲಿಯ ಹಲ್ಲಿನ ಸಣ್ಣ ಸಣ್ಣ ಗೀರುಗಳು, ಒಳಗೆ ತೌಡಿನ ಪುಡಿ. ಕಂದು ಜೋಡಿ ಪೂರ್ತಿ ಕತ್ತರಿಸಿತ್ತು, ನೀಲಿಯ ಒಂದು ಎಳೆಯ ಪ್ಲಾಸ್ಟಿಕ್ ಹೋಗಿ ತಾಮ್ರ ಕಪ್ಪಾಗಿತ್ತು. ಕಿತ್ತಳೆ, ಹಸಿರು ಎರಡೂ ಹಾಗೆಯೇ ಉಳಿದಿದ್ದವು. ಅದಕ್ಕೇ ಜಾಲ ಬದುಕಿತ್ತು, ಅದಕ್ಕೇ ನಿಧಾನವೂ ಆಗಿತ್ತು. ಧಾನ್ಯ ಇರುವ ಕಡೆ ಇಲಿ ಇದ್ದೇ ಇರುತ್ತದೆ. ಅಲ್ಲಿ ಕೇಬಲ್ಲನ್ನು ಕಬ್ಬಿಣದ ಪೈಪಿನಲ್ಲಿ ಹಾಯಿಸಿ, ಪೈಪಿನ ಬಾಯನ್ನು ಮುಚ್ಚಿಸಿ. ಕಡಿದ ಜಾಗದಲ್ಲಿ ಎಳೆ ಹೊಸೆದು ಟೇಪ್ ಸುತ್ತಿದರೆ ಗಿಗಾಬಿಟ್ ನಿಲ್ಲುವುದಿಲ್ಲ. ಆ ಕೇಬಲ್ಲನ್ನು ಬದಲಿಸಿಯೇ ತೀರಬೇಕು.

ಹೊಸ ಕೇಬಲ್ ತರುವಾಗಲೂ ಎಚ್ಚರ. ಅಗ್ಗದ ಕೇಬಲ್ಲುಗಳಲ್ಲಿ ಅನೇಕವು ಶುದ್ಧ ತಾಮ್ರವಲ್ಲ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಿಯ ಬಣ್ಣ ಕಂಡರೆ ವಾಪಸ್ ಕೊಡಿ. ನಾಲ್ಕಾರು ಸಲ ಬಗ್ಗಿಸಿದರೆ ಅದು ತುಂಡಾಗುತ್ತದೆ, ದೂರ ಹೆಚ್ಚಾದಂತೆ ಸಂಕೇತ ಕ್ಷೀಣಿಸುತ್ತದೆ. ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಎಂಟೂ ಎಳೆಗಳ ತುದಿ ಮುಂದಿನ ಗೋಡೆಯವರೆಗೆ ತಲುಪಿರುವುದು ಕಾಣಬೇಕು; ಒಂದು ಹಿಂದೆ ನಿಂತಿದ್ದರೂ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ. ಎಂಟು ದೀಪದ ಟೆಸ್ಟರ್ ಸರಿ ಎಂದ ಮಾತ್ರಕ್ಕೆ ಕೇಬಲ್ ಸರಿ ಎಂದುಕೊಳ್ಳಬೇಡಿ. ತಂತಿ ಸೇರಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು, ವೇಗ ತಡೆದುಕೊಳ್ಳುತ್ತದೆಯೇ ಎಂಬುದು ಗೊತ್ತಿಲ್ಲ.

ಕೇಬಲ್ ಸರಿಯಿದ್ದೂ 11 ಬರುತ್ತಿದ್ದರೆ ಸ್ವಿಚ್ಚನ್ನು ತಿರುಗಿಸಿ ಹಿಂದಿನ ಚೀಟಿ ಓದಿ. ಸಿಸಿಟಿವಿ ಹಾಕಿಸಿದಾಗ ಬಂದ, ಲ್ಯಾನ್ ಕೇಬಲ್ಲಿನಲ್ಲೇ ಕ್ಯಾಮೆರಾಗೆ ಕರೆಂಟು ಕೊಡುವ ಪಿಒಇ ಸ್ವಿಚ್ಚುಗಳಲ್ಲಿ ಹಲವಕ್ಕೆ ಕ್ಯಾಮೆರಾ ಪೋರ್ಟುಗಳು ಬರೀ 100 ಮೆಗಾಬಿಟ್‌ನವು. ಬದಿಯಲ್ಲಿರುವ ಒಂದೆರಡು ಅಪ್‌ಲಿಂಕ್ ಪೋರ್ಟುಗಳು ಮಾತ್ರ ಗಿಗಾಬಿಟ್. ಖಾಲಿ ಇದೆಯೆಂದು ನಾಸ್ ಅನ್ನು ಕ್ಯಾಮೆರಾ ಪೋರ್ಟಿಗೆ ಸಿಕ್ಕಿಸಿರುತ್ತಾರೆ. ಕ್ಯಾಮೆರಾಗಳಿಗೆ ಆ ಸ್ವಿಚ್ ಇರಲಿ. ಕಂಪ್ಯೂಟರ್‌ಗಳಿಗೂ ನಾಸ್‌ಗೂ ಬೇರೆ ಗಿಗಾಬಿಟ್ ಸ್ವಿಚ್ ತನ್ನಿ, ಅದು ದೊಡ್ಡ ಖರ್ಚಲ್ಲ.

ಯಾರಾದರೂ ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ವೇಗವನ್ನು "100 ಫುಲ್ ಡ್ಯುಪ್ಲೆಕ್ಸ್" ಎಂದು ಕಟ್ಟಿಹಾಕಿದ್ದರೆ ಅದನ್ನು ಆಟೋಗೆ ತನ್ನಿ. ಒಂದು ಕಡೆ ಕಟ್ಟಿಹಾಕಿ ಇನ್ನೊಂದು ಕಡೆ ಆಟೋ ಇದ್ದರೆ ಆಟೋ ಇರುವ ಕಡೆ ಹಾಫ್ ಡ್ಯುಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಕಳಿಸುವುದು ಇಲ್ಲವೇ ತರಿಸುವುದು ಎರಡರಲ್ಲಿ ಒಂದೇ ಆಗುವ ಸ್ಥಿತಿಗೆ, ಬೀಳುತ್ತದೆ. ಆಗ ವೇಗ 11ಕ್ಕಿಂತಲೂ ಕೆಳಗೆ ಹೋಗುತ್ತದೆ, ಕಳಿಸುವುದಕ್ಕೂ ತರಿಸುವುದಕ್ಕೂ ಅಂಕಿಯಲ್ಲಿ ಅಜಗಜಾಂತರ ಕಾಣುತ್ತದೆ.

ದಾರಿಯನ್ನು ಮಾತ್ರ ಅಳೆಯಿರಿ

ಅಂಕಿ 50, 60 ಹೀಗೆ ಮಧ್ಯದಲ್ಲಿ ನಿಂತಾಗ ತಪ್ಪು ಜಾಲದ್ದೋ ಡಿಸ್ಕಿನದ್ದೋ ಹೇಳುವುದು ಕಷ್ಟ. ಅದಕ್ಕೆ ಐಪರ್ಫ್3 ಎಂಬ ಉಚಿತ ಸಾಧನವಿದೆ. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ; ಮೆಮೊರಿಯಿಂದ ಮೆಮೊರಿಗೆ ದತ್ತಾಂಶ ಕಳಿಸಿ ದಾರಿಯ ವೇಗವನ್ನಷ್ಟೇ ಹೇಳುತ್ತದೆ. ಹಲವು ನಾಸ್‌ಗಳಲ್ಲಿ ಇದನ್ನು ಹೆಚ್ಚುವರಿ ಪ್ಯಾಕೇಜ್ ಆಗಿ ಇಲ್ಲವೇ ಕಂಟೇನರ್ ಆಗಿ ಓಡಿಸಬಹುದು. ಆಗದಿದ್ದರೆ ನಾಸ್‌ನ ಕೇಬಲ್ಲನ್ನು ಕಿತ್ತು ಅದೇ ತುದಿಗೆ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ ಅಳೆಯಿರಿ. 940 ಮೆಗಾಬಿಟ್ ಸುತ್ತಮುತ್ತ ಬಂದರೆ ದಾರಿ ಶುದ್ಧ, ನಾಸ್‌ನೊಳಗೆ ಹುಡುಕಿ. ಅದಕ್ಕಿಂತ ತೀರಾ ಕಡಿಮೆ ಬಂದರೆ ಪೆಟ್ಟಿಗೆಯನ್ನು ಬೈಯುವುದು ಬಿಟ್ಟು ಕೇಬಲ್ಲು, ಸ್ವಿಚ್ಚು, ನೆಟ್‌ವರ್ಕ್ ಕಾರ್ಡಿನ ಡ್ರೈವರ್‌ಗಳ ಕಡೆ ಹೊರಳಿ.

ಡಿಸ್ಕಿನ ಜಾತಿ ಮತ್ತು ಆರೋಗ್ಯ

ಒಂದೇ ಗಾತ್ರದ ಎರಡು ಡಿಸ್ಕ್‌ಗಳ ಬೆಲೆಯಲ್ಲಿ ವ್ಯತ್ಯಾಸ ಇದ್ದರೆ ಅದಕ್ಕೆ ಹಲವು ಸಲ ಒಂದು ಕಾರಣ ಇರುತ್ತದೆ. ಕಡಿಮೆ ಬೆಲೆಯ ಕೆಲವು ಡಿಸ್ಕ್‌ಗಳಲ್ಲಿ ಬರಹದ ಪಟ್ಟಿಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ಜಾಗ ಉಳಿಯುತ್ತದೆ, ಆದರೆ ನಡುವಿನ ಒಂದು ಪಟ್ಟಿ ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಈ ಕಷ್ಟ ಮರೆಮಾಡಲು ಡಿಸ್ಕಿನಲ್ಲಿ ವೇಗದ ಒಂದು ಸಣ್ಣ ಜಾಗ ಮೀಸಲಿರುತ್ತದೆ. ಬರುವ ದತ್ತಾಂಶ ಮೊದಲು ಅಲ್ಲಿಗೆ ಹೋಗುತ್ತದೆ. ಅದು ತುಂಬಿದ ಮೇಲೆ ವೇಗ 10ಕ್ಕೋ ಇನ್ನೂ ಕೆಳಕ್ಕೋ ಬೀಳುತ್ತದೆ. ಹತ್ತಾರು ಜಿಬಿ ಚೆನ್ನಾಗಿ ಹೋಗಿ ಆಮೇಲೆ ಕುಸಿಯುವುದು ಇದರ ಗುರುತು.

ಡಿಸ್ಕಿನ ಮೇಲೆ "ನಾಸ್‌ಗಾಗಿ" ಎಂದು ಬರೆದಿದ್ದರೂ ಸಾಲದು. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯು ತನ್ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿತು. ಆ ಸರಣಿಯನ್ನು ನಾಸ್‌ಗೆಂದೇ ಮಾರಲಾಗುತ್ತಿತ್ತು. ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹೋಲಿಸಿ ನೋಡಿ. ಪಟ್ಟಿಗಳು ಒಂದರ ಮೇಲೊಂದು ಬರದ ಡಿಸ್ಕಿಗೆ ಸಿಎಂಆರ್ ಎನ್ನುತ್ತಾರೆ; ಹಾಗೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಒಂದೇ ದತ್ತಾಂಶವನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ರೇಡ್ ಜೋಡಣೆಯಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದಕ್ಕೆ ಎಲ್ಲವನ್ನೂ ತುಂಬಬೇಕಾದ ದಿನ ಎಸ್‌ಎಂಆರ್ ಡಿಸ್ಕ್ ತೆಗೆದುಕೊಳ್ಳುವ ಹೊತ್ತು ನೆನೆದರೆ ಉಳಿಸಿದ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸೊನ್ನೆಗೆ ಬಿದ್ದು ಏಳುವ ಗೆರೆ ಬೇರೆ. ಅದು ಡಿಸ್ಕ್ ಒಂದು ಜಾಗವನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿರುವ ಲಕ್ಷಣವಾಗಿರಬಹುದು. ನಾಸ್‌ನ ಸ್ಟೋರೇಜ್ ಪುಟದಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ತೆರೆಯಿರಿ. 5 ಎಂಬ ಸಂಖ್ಯೆಯ ಸಾಲು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳದ್ದು (ಡಿಸ್ಕಿನ ಸಣ್ಣ ಸಣ್ಣ ತುಂಡುಗಳು). 197 ಓದಲಾಗದೆ ಕಾದಿರುವ ಸೆಕ್ಟರ್‌ಗಳದ್ದು. 198 ಸರಿಪಡಿಸಲಾಗದವುಗಳದ್ದು. ಬಲಬದಿಯ ಮೂಲ ಅಂಕಿ ಸೊನ್ನೆ ಇರಬೇಕು. 197 ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ವೇಗದ ಚಿಂತೆಯನ್ನು ಪೂರ್ತಿ ಬದಿಗಿಡಿ. ಪರೀಕ್ಷೆ ಓಡಿಸಬೇಡಿ, ರೇಡ್ ಮರುಕಟ್ಟಲು ಹೋಗಬೇಡಿ. ಮುಖ್ಯವಾದದ್ದನ್ನು ಮೊದಲು ಬೇರೊಂದು ಡಿಸ್ಕಿಗೆ ತೆಗೆದಿಡಿ, ಆಮೇಲೆ ಕೆಟ್ಟದ್ದನ್ನು ಬದಲಿಸಿ. ಸಂಪರ್ಕದ ದೋಷ ಎಣಿಸುವ 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಕೆಟ್ಟಿರದೆ ಅದರ ಸಂಪರ್ಕ ಸಡಿಲವಾಗಿರಬಹುದು; ಪೆಟ್ಟಿಗೆ ಆರಿಸಿ, ಡಿಸ್ಕ್ ಹೊರತೆಗೆದು ಮತ್ತೆ ಬಿಗಿಯಾಗಿ ಕೂರಿಸಿ.

ಕರೆಂಟು, ಬಿಸಿಲು, ಹತ್ತಿಯ ಎಳೆ

"ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ನಿಧಾನ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕೇಳುವುದು ರಾತ್ರಿ ಕರೆಂಟು ಹೋಗಿತ್ತೇ ಎಂದು. ನಾಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಎರಡು ಡಿಸ್ಕ್‌ಗಳಲ್ಲಿರುವುದು ಒಂದೇ ಎಂಬ ಭರವಸೆ ಇರುವುದಿಲ್ಲ. ಮತ್ತೆ ಎದ್ದಾಗ ಅದು ಎರಡನ್ನೂ ಹೋಲಿಸಿ ಸರಿಹೊಂದಿಸತೊಡಗುತ್ತದೆ. 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್‌ನಂತೆ ಪೂರ್ತಿ ಓದಲು ಏಳು ಗಂಟೆಗೂ ಹೆಚ್ಚು ಬೇಕು. ನಡುವೆ ನಾವೂ ಬಳಸುತ್ತಿದ್ದರೆ ಇನ್ನೂ ಹೆಚ್ಚು. ಸ್ಟೋರೇಜ್ ಪುಟದಲ್ಲಿ ರೀಸಿಂಕ್, ರಿಪೇರಿ, ಸ್ಕ್ರಬ್ಬಿಂಗ್ ಎಂಬ ಪದ ಮತ್ತು ಶೇಕಡಾವಾರು ಅಂಕಿ ಕಂಡರೆ ಅದು ಮುಗಿಯಲು ಬಿಡಿ. ಅರ್ಧದಲ್ಲಿ ಆರಿಸಿ ಹಚ್ಚುವುದೇ ಅತಿ ಕೆಟ್ಟ ಉಪಾಯ.

ಪರಿಹಾರ ಒಂದು ಯುಪಿಎಸ್. ಕಂಪ್ಯೂಟರ್‌ಗೆ ಇದ್ದು ನಾಸ್‌ಗೆ ಇಲ್ಲದಿರುವ ಕಚೇರಿಗಳು ಬಹಳ. ಯುಎಸ್‌ಬಿ ತಂತಿಯಿಂದ ನಾಸ್‌ಗೆ ಮಾತಾಡುವ ಯುಪಿಎಸ್ ತಂದರೆ ಬ್ಯಾಟರಿ ಮುಗಿಯುವ ಮುನ್ನ ಪೆಟ್ಟಿಗೆ ತಾನೇ ಕ್ರಮವಾಗಿ ಆರುತ್ತದೆ. ಯುಪಿಎಸ್ ಇಲ್ಲವೆಂಬ ಭಯಕ್ಕೆ ಡಿಸ್ಕಿನ ರೈಟ್ ಕ್ಯಾಶ್ (ಬರೆಯುವ ಮುನ್ನ ದತ್ತಾಂಶವನ್ನು ಮೆಮೊರಿಯಲ್ಲಿ ಹಿಡಿದಿಡುವ ಸೌಲಭ್ಯ) ನಿಲ್ಲಿಸಿಟ್ಟಿದ್ದರೆ ಅದೂ ಬರೆಯುವ ವೇಗವನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಯುಪಿಎಸ್ ಬಂದ ಮೇಲೆ ಅದನ್ನು ಮತ್ತೆ ಹಚ್ಚಬಹುದು.

ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಪೆಟ್ಟಿಗೆಯನ್ನು ಅಟ್ಟದ ಮೇಲೆ, ಇನ್ವರ್ಟರ್ ಪಕ್ಕದಲ್ಲಿ ಇಟ್ಟರೆ ಒಳಗಿನ ಡಿಸ್ಕಿನ ಗತಿ ಏನು? ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳ ಮಿತಿ 60 ಡಿಗ್ರಿ. 45ರ ಒಳಗೆ ಇಡಲು ಪ್ರಯತ್ನಿಸಿ. ಜಿನ್ನಿಂಗ್ ಕಾರ್ಖಾನೆಗಳಲ್ಲಿ ಫ್ಯಾನಿನ ಜಾಲರಿಗೆ ಹತ್ತಿಯ ಎಳೆ ಕಂಬಳಿಯಾಗಿ ಅಂಟಿಕೊಂಡಿರುತ್ತದೆ. ಪೆಟ್ಟಿಗೆ ಆಫ್ ಮಾಡಿ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಪೆಟ್ಟಿಗೆಯನ್ನು ಕೆಳಗಿನ ಕಪಾಟಿಗೆ, ಗೋಡೆಯಿಂದ ಒಂದು ಗೇಣು ದೂರಕ್ಕೆ ತನ್ನಿ.

ದೊಡ್ಡ ಫೈಲ್ ವೇಗ, ಬ್ಯಾಕಪ್ ಮಾತ್ರ ನಿಧಾನ

110 ಬಂದರೂ ಬ್ಯಾಕಪ್ ಮುಗಿಯದಿದ್ದರೆ ಫೈಲುಗಳನ್ನು ಎಣಿಸಿ. ಒಂದು ಸಣ್ಣ ಫೈಲ್ ಬರೆಯುವ ಮುನ್ನ ಮತ್ತು ನಂತರ ಕಂಪ್ಯೂಟರ್ ಮತ್ತು ನಾಸ್ ನಡುವೆ ತೆರೆ, ಬರೆ, ದಿನಾಂಕ ಹಾಕು, ಮುಚ್ಚು ಎಂಬ ಮಾತುಕತೆ ಹಲವು ಸಲ ಆಗಬೇಕು. ಲಕ್ಷ ಫೈಲುಗಳಿದ್ದರೆ ಹೊತ್ತೆಲ್ಲ ಈ ಮಾತುಕತೆಗೇ ಹೋಗುತ್ತದೆ. ಇದಕ್ಕೆ ಹೊಸ ಕೇಬಲ್ಲೂ ಹೊಸ ಡಿಸ್ಕೂ ಮದ್ದಲ್ಲ. ಫೋಲ್ಡರ್ ಫೋಲ್ಡರಾಗಿ ಕಾಪಿ ಮಾಡುವ ಬದಲು ಎಲ್ಲವನ್ನೂ ಒಂದೇ ಇಮೇಜ್ ಫೈಲಾಗಿ ಕಟ್ಟುವ, ಮೊದಲ ಸಲದ ನಂತರ ಬದಲಾದದ್ದನ್ನಷ್ಟೇ ಕಳಿಸುವ ಬ್ಯಾಕಪ್ ತಂತ್ರಾಂಶ ಬಳಸಿ. ಟ್ಯಾಲಿಯ ದತ್ತಾಂಶಕ್ಕೆ ಟ್ಯಾಲಿಯದೇ ಬ್ಯಾಕಪ್ ಸೌಲಭ್ಯದಿಂದ ಫೈಲ್ ತೆಗೆದು ಅದನ್ನು ನಾಸ್‌ಗೆ ಕಳಿಸುವುದು ನನ್ನ ಆಯ್ಕೆ. ಟ್ಯಾಲಿ ತೆರೆದಿಟ್ಟು ಅದರ ಫೋಲ್ಡರನ್ನು ನೇರ ಕಾಪಿ ಮಾಡಿದರೆ ವೇಗಕ್ಕಿಂತ ದೊಡ್ಡ ತೊಂದರೆ ಕಾದಿರುತ್ತದೆ: ಅರ್ಧ ಬರೆದ ಲೆಕ್ಕ.

ಆಂಟಿವೈರಸ್ ಪ್ರತಿ ಫೈಲನ್ನೂ ದಾರಿಯಲ್ಲಿ ತಡೆದು ನೋಡುತ್ತಿದ್ದರೆ ಬ್ಯಾಕಪ್ ತಂತ್ರಾಂಶಕ್ಕೆ ಮಾತ್ರ ವಿನಾಯಿತಿ ಕೊಡಿ, ಆಂಟಿವೈರಸ್ ನಿಲ್ಲಿಸಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಏರಿದ ಮೇಲೆ ನಿಧಾನವಾಗಿದ್ದರೆ ಕಾರಣ ಎಸ್‌ಎಂಬಿ ಸಹಿ ಇರಬಹುದು, ಅಂದರೆ ವಿಂಡೋಸ್ ಫೈಲ್ ಹಂಚಿಕೆಯಲ್ಲಿ ದತ್ತಾಂಶ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುವ ಗುರುತು. ಪ್ರೊ ಮತ್ತು ಎಂಟರ್‌ಪ್ರೈಸ್‌ಗಳಲ್ಲಿ ಆ ಆವೃತ್ತಿ ಪ್ರತಿ ಪೊಟ್ಟಣಕ್ಕೂ ಸಹಿ ಬೇಕೇ ಬೇಕು ಎನ್ನುತ್ತದೆ, ಹಳೆಯ ನಾಸ್‌ನ ದುರ್ಬಲ ಪ್ರೊಸೆಸರ್ ಅದಕ್ಕೆ ಏದುಸಿರು ಬಿಡುತ್ತದೆ. ನಾಸ್‌ನ ಫರ್ಮ್‌ವೇರ್ (ಅದರೊಳಗಿನ ಮೂಲ ತಂತ್ರಾಂಶ) ಮೊದಲು ನವೀಕರಿಸಿ. ಸಹಿಯನ್ನು ನಿಲ್ಲಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ, ನಾನು ಕೊಡುವುದಿಲ್ಲ. ಸ್ವಲ್ಪ ನಿಧಾನವನ್ನು ಸಹಿಸಬಹುದು, ತಿದ್ದಿದ ದತ್ತಾಂಶವನ್ನು ಸಹಿಸಲಾಗದು.

ಡಿಸ್ಕ್ ಶೇಕಡಾ 90 ತುಂಬಿದ್ದರೆ ಹಳೆಯ ಪ್ರತಿಗಳನ್ನೂ ಸ್ನ್ಯಾಪ್‌ಶಾಟ್‌ಗಳನ್ನೂ (ನಾಸ್ ಆಗಾಗ ಉಳಿಸಿಡುವ ಹಿಂದಿನ ಸ್ಥಿತಿಗಳು) ಕಡಿಮೆ ಮಾಡಿ. ಎಲ್ಲ ಕಂಪ್ಯೂಟರ್‌ಗಳಿಗೂ ರಾತ್ರಿ ಒಂಬತ್ತೇ ಗಂಟೆ ಕೊಟ್ಟಿದ್ದರೆ ಡಿಸ್ಕಿನ ಮುಳ್ಳು ಆಚೀಚೆ ಓಡುವುದರಲ್ಲೇ ಕಾಲ ಕಳೆಯುತ್ತದೆ; ಒಂದೊಂದಕ್ಕೆ ಒಂದೊಂದು ಹೊತ್ತು ಕೊಡಿ. ಕ್ಯಾಮೆರಾಗಳ ಚಿತ್ರೀಕರಣ ಅದೇ ನಾಸ್‌ಗೆ ಹೋಗುತ್ತಿದ್ದರೆ ಬೇರೆ ಡಿಸ್ಕಿಗೆ ಸರಿಸಿ.

ಜಂಬೊ ಫ್ರೇಮ್ ಎಂದು ಜಾಲದ ಒಂದು ಪೊಟ್ಟಣದ ಗಾತ್ರವನ್ನು 1500 ಬೈಟ್‌ನಿಂದ 9000 ಮಾಡಲು ಹೋಗಬೇಡಿ. ದಾರಿಯ ಪ್ರತಿ ಯಂತ್ರವೂ ಒಪ್ಪದಿದ್ದರೆ ಕಾಪಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಎರಡು ಕೇಬಲ್ ಜೋಡಿಸುವ ಲಿಂಕ್ ಅಗ್ರಿಗೇಷನ್ ಹಲವು ಕಂಪ್ಯೂಟರ್‌ಗಳಿಗೆ ನೆರವಾದೀತು, ಒಂದೇ ಕಂಪ್ಯೂಟರ್‌ನ ಒಂದು ಕಾಪಿಯ ವೇಗ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ನಾಸ್‌ಗೆ ವೇಗದ ಎಸ್‌ಎಸ್‌ಡಿಯನ್ನು ನಡುವಿನ ತಾತ್ಕಾಲಿಕ ಜಾಗವಾಗಿ ಸೇರಿಸುವ ಎಸ್‌ಎಸ್‌ಡಿ ಕ್ಯಾಶ್ ಕೂಡ ಉದ್ದನೆಯ ಬ್ಯಾಕಪ್ ಬರಹಕ್ಕೆ ಹೆಚ್ಚು ಉಪಯೋಗವಿಲ್ಲ.

ದುರಸ್ತಿ ಆದ ಮೇಲೆ ದಿನಾಂಕ, ದೊಡ್ಡ ಫೈಲಿನ ಹೋಗುವ ಬರುವ ವೇಗ, ಐಪರ್ಫ್ ಅಂಕಿ, ಡಿಸ್ಕಿನ ತಾಪ, ಸ್ಮಾರ್ಟ್‌ನ 197 ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಮುಂದೆ ದುರಸ್ತಿಗೆ ಬರುವವರ ಅರ್ಧ ದಿನ ಉಳಿಯುತ್ತದೆ. ಆಮೇಲೆ ಬ್ಯಾಕಪ್‌ನಿಂದ ಕಳೆದ ತಿಂಗಳ ಲೆಕ್ಕವನ್ನು ಬೇರೆ ಫೋಲ್ಡರಿಗೆ ಹಿಂದಕ್ಕೆ ತರಿಸಿ, ಟ್ಯಾಲಿಯಲ್ಲಿ ತೆರೆದು, ಒಂದು ಖಾತೆಯ ಬಾಕಿ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ಗುಮಾಸ್ತರಿಂದಲೇ ನೋಡಿಸಿ.